ಬಿಡಿಭಾಗಗಳಿಂದ ಎಲೆಕ್ಟ್ರಿಕ್ ಗಿಟಾರ್: ಮೊದಲು ಅಳತೆ, ಆಮೇಲೆ ಡ್ರಿಲ್

ಸ್ವಂತ ಕೈಯಲ್ಲಿ ಗಿಟಾರ್ ಕಟ್ಟಿ ಸೋತವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಪಾರ್ಟ್ಸ್ ಎಲ್ಲಾ ಒಳ್ಳೇದೇ ತಗೊಂಡೆ, ಆದ್ರೂ ಸರಿಯಾಗಿ ನುಡೀತಾ ಇಲ್ಲ." ಬಿಚ್ಚಿ ನೋಡಿದರೆ ಪಾರ್ಟ್ಸ್ ನಿಜಕ್ಕೂ ಒಳ್ಳೆಯವೇ. ಎಡವಟ್ಟಾಗಿರುವುದು ಕ್ರಮದಲ್ಲಿ. ನೆಕ್ (ಗಿಟಾರ್‌ನ ಕೊರಳು) ಕೂರಿಸುವ ಮೊದಲೇ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಲೋಹದ ಭಾಗ) ತಿರುಪು ಬಿಗಿದಿರುತ್ತಾರೆ. ಬಣ್ಣ ಹೊಡೆದ ಮೇಲೆ ತೂತು ಕೊರೆದಿರುತ್ತಾರೆ. ತಂತಿ ಕಟ್ಟಿ ಮುಗಿದ ಮೇಲೆ ವೈರಿಂಗ್ ನೆನಪಾಗಿರುತ್ತದೆ.

ವೀಣೆಗೆ ಮೇಳ ಕಟ್ಟುವವರು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಶ್ರುತಿ ಕೇಳಿಕೊಂಡು ಕೂದಲೆಳೆಯಷ್ಟು ಅತ್ತಿತ್ತ ಸರಿಸಬಹುದು. ಗಿಟಾರ್‌ನಲ್ಲಿ ಆ ದಾರಿ ಇಲ್ಲ. ಫ್ರೆಟ್‌ಗಳು, ಅಂದರೆ ಗಿಟಾರ್‌ನ ಮೆಟ್ಟಿಲುಗಳು, ನೆಕ್‌ನಲ್ಲಿ ಬಿಗಿದು ಕೂತಿವೆ. ಹಾಗಾಗಿ ನೆಕ್ ಎಲ್ಲಿ ಹೇಳುತ್ತದೋ ಅಲ್ಲಿಗೇ ಬ್ರಿಡ್ಜ್ ಬರಬೇಕು. ಕೆಳಗಿನ ಕ್ರಮವೆಲ್ಲ ಇದೊಂದರ ಮೇಲೆ ನಿಂತಿದೆ.

ಇಲ್ಲಿ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರ್‌ನ ಮಾದರಿಯನ್ನು ಹಿಡಿದು ಹೇಳುತ್ತೇನೆ. ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಒಂದು ವಾಲ್ಯೂಮ್, ಒಂದು ಟೋನ್, ಅಲುಗಾಡದ ಬ್ರಿಡ್ಜ್. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

## ಹಂತ 1: ಅಳತೆ ಹೊಂದಿಸಿ, ಆಮೇಲೆ ದುಡ್ಡು ಕೊಡಿ

ಬಾಡಿ ಮತ್ತು ನೆಕ್ ಎರಡನ್ನೂ ಒಂದೇ ತಯಾರಕರಿಂದ ತಗೊಳ್ಳಿ. ಬೇರೆ ಬೇರೆ ಕಡೆಯಿಂದ ತಂದರೆ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಕಾಡುತ್ತದೆ. ಬೇರೆ ಕಡೆಯಿಂದಲೇ ತರಬೇಕಾದರೆ ಈ ಅಳತೆಗಳನ್ನು ಕೇಳಿ, ಬರೆದಿಟ್ಟುಕೊಳ್ಳಿ.

ನೆಕ್‌ನ ಹಿಮ್ಮಡಿ, ಅಂದರೆ ಬಾಡಿಯ ಗುಂಡಿಯೊಳಗೆ ಕೂರುವ ತುದಿ, ಸುಮಾರು 56 ಮಿ.ಮೀ. ಅಗಲ ಮತ್ತು 25.4 ಮಿ.ಮೀ. ದಪ್ಪ ಇರಬೇಕು. ಬಾಡಿಯ ಗುಂಡಿಯ ಆಳ ಸುಮಾರು 16 ಮಿ.ಮೀ. ಟೆಲಿಕಾಸ್ಟರ್ ನೆಕ್‌ನ ಹಿಮ್ಮಡಿ ಚೌಕ. ಅದೇ ಕಂಪನಿಯ ಇನ್ನೊಂದು ಮಾದರಿ ಸ್ಟ್ರಾಟೊಕಾಸ್ಟರ್ ನೆಕ್‌ನದು ಗುಂಡಗೆ. ಗುಂಡಗಿನದನ್ನು ಚೌಕದ ಗುಂಡಿಗೆ ಹಾಕಿದರೆ ಮೂಲೆಯಲ್ಲಿ ಸಂದು ಉಳಿಯುತ್ತದೆ. ಚೌಕದ್ದನ್ನು ಗುಂಡಗಿನ ಗುಂಡಿಗೆ ಹಾಕಲು ಹೋದರೆ ಕೂರುವುದೇ ಇಲ್ಲ. ಈ ತಪ್ಪನ್ನು ಎಷ್ಟು ಜನ ಮಾಡುತ್ತಾರೆ ಅಂದರೆ ಲೆಕ್ಕವಿಲ್ಲ.

ಸ್ಕೇಲ್ ಉದ್ದ, ಅಂದರೆ ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಬ್ರಿಡ್ಜ್‌ವರೆಗೆ ಲೆಕ್ಕ ಹಿಡಿಯುವ ತಂತಿಯ ಉದ್ದ, 25.5 ಇಂಚು, ಅಂದರೆ 648 ಮಿ.ಮೀ. ಪಾರ್ಸೆಲ್ ಬಂದ ದಿನವೇ ಪರೀಕ್ಷಿಸಿ. ನಟ್‌ನ ಒಳ ಅಂಚಿನಿಂದ 12ನೇ ಫ್ರೆಟ್‌ನ ನಡುವಿಗೆ 324 ಮಿ.ಮೀ. ಬರಬೇಕು.

ಟ್ಯೂನರ್ (ಬಿರಡೆ) ತೂತು ಹಳೆ ಶೈಲಿಗೆ ಸುಮಾರು 8.7 ಮಿ.ಮೀ., ಹೊಸ ಶೈಲಿಗೆ 10 ಮಿ.ಮೀ. ನೆಕ್ ಒಂದು ಬಗೆ, ಟ್ಯೂನರ್ ಇನ್ನೊಂದು ಬಗೆ ತಂದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಬ್ರಿಡ್ಜ್‌ನಲ್ಲಿ ಹೊರಗಿನ ಎರಡು ತಂತಿಗಳ ನಡುವಿನ ಅಂತರ ಹಳೆ ಬಗೆಯಲ್ಲಿ 54 ಮಿ.ಮೀ., ಹೊಸದರಲ್ಲಿ 52.5 ಮಿ.ಮೀ. ನೆಕ್ ಸಪೂರ ಇದ್ದರೆ ಹೊಸದೇ ಕ್ಷೇಮ.

ಹಳೆ ಟೆಲಿಕಾಸ್ಟರ್‌ಗಳಂತೆ ಮೂರೇ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡು) ಇರುವ ಬ್ರಿಡ್ಜ್ ನೋಡಲು ಚೆಂದ. ಆದರೆ ಎರಡು ತಂತಿಗೆ ಒಂದೇ ಸ್ಯಾಡಲ್ ಅಂದರೆ ಶ್ರುತಿಯಲ್ಲಿ ಎಲ್ಲೋ ರಾಜಿ ಆಗಲೇಬೇಕು. ಮೊದಲ ಗಿಟಾರ್‌ಗೆ ಆರು ಸ್ಯಾಡಲ್‌ನದು ತಗೊಳ್ಳಿ.

ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250 ಕಿಲೋ ಓಮ್ ಪಾಟ್ (ವಾಲ್ಯೂಮ್, ಟೋನ್ ಏರಿಳಿಸುವ ಭಾಗ), ಎರಡು ಸುರುಳಿಯ ಹಂಬಕರ್‌ಗೆ 500. ಸಿಟಿಎಸ್ ಕಂಪನಿಯಂಥ ಇಂಚು ಲೆಕ್ಕದ ಪಾಟ್‌ಗೆ ಸುಮಾರು 9.5 ಮಿ.ಮೀ. ತೂತು ಬೇಕು. ಅಗ್ಗದ ಕಂಟ್ರೋಲ್ ಪ್ಲೇಟ್‌ಗಳಲ್ಲಿ ತೂತು ಸಣ್ಣದಿರುತ್ತದೆ. ಲೋಹದ ನಾಬ್ ಹಾಕುವುದಾದರೆ ಪಾಟ್‌ನ ದಂಡ ಹಲ್ಲಿಲ್ಲದ, ನುಣ್ಣಗಿನ 6.35 ಮಿ.ಮೀ. ಇರಲಿ. ಪ್ಲೇಟ್, ಪಾಟ್, ನಾಬ್ ಮೂರನ್ನೂ ಒಟ್ಟಿಗೆ ಯೋಚಿಸಿ ಕೊಳ್ಳಿ.

ಹಾಂ, ಫಿಂಗರ್‌ಬೋರ್ಡ್ (ನೆಕ್ ಮೇಲೆ ಫ್ರೆಟ್ ಕೂರುವ ಹಲಗೆ) "ಇಂಡಿಯನ್ ರೋಸ್‌ವುಡ್" ಅಂತ ಬರೆದಿದ್ದರೆ ಅದು ನಮ್ಮ ಬೀಟೆ ಮರವೇ. ವಿದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿ. ಸಾಗಣೆಯೂ ಸೇರಿದರೆ ಬೆಲೆ ನೀವಂದುಕೊಂಡ ಕಡೆ ನಿಲ್ಲುವುದಿಲ್ಲ.

## ಹಂತ 2: ಉಪಕರಣ

ಇವಿಲ್ಲದೆ ಶುರು ಮಾಡಬೇಡಿ: ನೆಟ್ಟಗೆ ಕೊರೆಯುವಂಥ ಡ್ರಿಲ್ (ಸ್ಟ್ಯಾಂಡ್ ಇದ್ದರೆ ಅರ್ಧ ಚಿಂತೆ ಕಳೆಯಿತು), ಹೊಸ ಡ್ರಿಲ್ ಬಿಟ್‌ಗಳು, ವರ್ನಿಯರ್ ಕ್ಯಾಲಿಪರ್, ಒಂದು ಮೀಟರಿನ ಸ್ಟೀಲ್ ಸ್ಕೇಲ್, ಎರಡು ಕ್ಲಾಂಪ್, ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ಮೇಣದ ಬತ್ತಿ, 40ರಿಂದ 60 ವಾಟ್‌ನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್, ಮಲ್ಟಿಮೀಟರ್. ಬೆಂಗಳೂರಿನವರಿಗೆ ಕೊನೆಯ ಮೂರೂ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಮೇಣದ ಬತ್ತಿ ಯಾಕೆ ಅಂತೀರಾ? ನೆಕ್‌ಗೆ ಬಳಸುವ ಮೇಪಲ್ ತುಂಬ ಗಟ್ಟಿ ಮರ. ತಿರುಪಿಗೆ ಮೇಣ ಸವರದೆ ಬಿಗಿದರೆ ತಲೆ ಮುರಿದು ದಂಡ ಒಳಗೇ ಉಳಿಯುತ್ತದೆ. ನನ್ನ ಮೊದಲ ನೆಕ್‌ನಲ್ಲಿ ಟ್ಯೂನರ್‌ನ ಎರಡು ತಿರುಪು ಹೀಗೇ ಹೋದವು. ತೆಗೆಯಲು ಒಂದು ಇಡೀ ಭಾನುವಾರ ಹಿಡಿಯಿತು. ಸೋಪು ಬೇಡ, ಅದು ತೇವ ಎಳೆದು ತಿರುಪಿಗೆ ತುಕ್ಕು ಹಿಡಿಸುತ್ತದೆ.

ಬಡಗಿಯ ಅಂಗಡಿಯಿಂದ ಗಟ್ಟಿ ಮರದ ತುಂಡೊಂದನ್ನು ತಂದಿಟ್ಟುಕೊಳ್ಳಿ. ಪ್ರತಿಯೊಂದು ತೂತನ್ನೂ ಮೊದಲು ಅದರಲ್ಲಿ ಕೊರೆದು, ತಿರುಪು ಹಾಕಿ ನೋಡಿ. ಪ್ಯಾಕಿಂಗ್ ಡಬ್ಬಿಯ ಮೆತ್ತನೆ ಮರದಲ್ಲಿ ಪರೀಕ್ಷಿಸಿದರೆ ಮೋಸ ಹೋಗುತ್ತೀರಿ.

## ಹಂತ 3: ನೆಕ್ ಕೂರಿಸುವುದು

ಗಿಟಾರ್‌ನ ಹಣೆಬರಹ ಬರೆಯುವುದು ಇಲ್ಲಿ. ಅವಸರ ಬೇಡ.

ಮೊದಲು ನೆಕ್ ಅನ್ನು ಸುಮ್ನೆ ಕೈಯಲ್ಲಿ ಗುಂಡಿಯೊಳಗೆ ಇಡಿ. ತುಸು ಬಿಗಿಯಾಗಿ, ಆದರೆ ಬಲ ಹಾಕದೆ ಕೂರಬೇಕು. ಬಡಿದು ಕೂರಿಸಬೇಕಾದಷ್ಟು ಬಿಗಿ ಇದ್ದರೆ ಬಾಡಿಯ ಬದಿ ಇವತ್ತಲ್ಲ ನಾಳೆ ಸೀಳುತ್ತದೆ. ಬಣ್ಣ ಆಗಿ ಬಂದ ಬಾಡಿಯಾದರೆ ಗುಂಡಿಯ ತಳದಲ್ಲಿ ಪಾಲಿಶ್ ಗಂಟು ಕಟ್ಟಿರುತ್ತದೆ. ಅದನ್ನು ಉಳಿಯ ಅಂಚಿನಿಂದ ಮೆಲ್ಲಗೆ ಹೆರೆಯಿರಿ. ತಳಕ್ಕೂ ನೆಕ್‌ಗೂ ನಡುವೆ ಬೆಳಕು ಕಾಣಬಾರದು.

ಈಗ ತಿರುಪಿನ ತೂತು. ಬಾಡಿಯ ನಾಲ್ಕು ತೂತುಗಳಲ್ಲಿ ತಿರುಪು ಕೈಯಲ್ಲೇ ಸಲೀಸಾಗಿ ಜಾರಿ ಹೋಗಬೇಕು. ಅದಕ್ಕೆ 4.8 ಮಿ.ಮೀ. ಬಿಟ್ ಸಾಕು. ತಿರುಪಿನ ಸುರುಳಿ ಹಲ್ಲು ಬಾಡಿಯ ಮರವನ್ನೂ ಕಚ್ಚಿದರೆ ನೆಕ್ ಕೆಳಗೆ ಎಳೆಯಲ್ಪಡುವುದೇ ಇಲ್ಲ. ಎಷ್ಟು ಬಿಗಿದರೂ ಕೂದಲೆಳೆಯ ಸಂದು ಉಳಿಯುತ್ತದೆ. "ನಾದ ಸತ್ತಂಗಿದೆ, ಪಿಕಪ್ ಬದಲಾಯಿಸಲಾ?" ಅಂತ ಕೇಳುವ ಎಷ್ಟೋ ಗಿಟಾರ್‌ಗಳ ರೋಗ ಇದೇ.

ನೆಕ್‌ನಲ್ಲಿ ತೂತು ಮೊದಲೇ ಇಲ್ಲದಿದ್ದರೆ ಈಗಲೇ ಕೊರೆಯಬೇಡಿ. ಹಂತ 4ರಲ್ಲಿ ತಂತಿಯ ಸಾಲು ನೋಡಿದ ಮೇಲೆ ಗುರುತು ಹಾಕಿ ಕೊರೆಯಬೇಕು. ಸದ್ಯಕ್ಕೆ ನೆಕ್ ಅನ್ನು ಕ್ಲಾಂಪ್ ಹಾಕಿ ಹಿಡಿಸಿ. ಕ್ಲಾಂಪ್ ಮತ್ತು ಫ್ರೆಟ್‌ಗಳ ನಡುವೆ ಮರದ ಚೂರು, ಬಟ್ಟೆ ಇಡುವುದನ್ನು ಮರೆಯಬೇಡಿ.

## ಹಂತ 4: ತಂತಿಯ ಸಾಲು ಮತ್ತು ಬ್ರಿಡ್ಜ್

ಬ್ರಿಡ್ಜ್ ಅನ್ನು ಬಾಡಿಯ ಮೇಲೆ ಟೇಪ್ ಹಾಕಿ ಅಂಟಿಸಿ. ತಿರುಪು ಬೇಡ. ನಟ್‌ನ ಎರಡು ಹೊರಗಿನ ಕಚ್ಚುಗಳಿಂದ (ತಂತಿ ಕೂರುವ ಸೀಳು) ಬ್ರಿಡ್ಜ್‌ನ ಎರಡು ಹೊರಗಿನ ಸ್ಯಾಡಲ್‌ಗೆ ತೆಳು ದಾರ ಎಳೆದು ಕಟ್ಟಿ. ಈಗ ಮೇಲಿನಿಂದ ನೋಡಿ. ಕೊನೆಯ ಫ್ರೆಟ್‌ನ ಹತ್ತಿರ ಎರಡೂ ದಾರ ನೆಕ್‌ನ ಅಂಚಿನಿಂದ ಸಮ ದೂರದಲ್ಲಿ ಇರಬೇಕು. ಒಂದು ಬದಿ 2, ಇನ್ನೊಂದು ಬದಿ 4 ಮಿ.ಮೀ. ಬಂದರೆ ಅಂಚಿಗೆ ಹತ್ತಿರವಾದ ತಂತಿ ನುಡಿಸುವಾಗ ಅಂಚಿನಿಂದ ಜಾರಿ ಬೀಳುತ್ತಿರುತ್ತದೆ.

ಬಾಡಿಯ ನಡುವಿಗೆ ಗೆರೆ ಎಳೆದು ಬ್ರಿಡ್ಜ್ ಕೂರಿಸುವವರು ಎಡವುವುದು ಇಲ್ಲೇ. ಗುಂಡಿ ಅರ್ಧ ಡಿಗ್ರಿ ಓರೆ ಇದ್ದರೂ ಬಾಡಿಯ ಮಧ್ಯರೇಖೆಗೂ ನೆಕ್‌ನ ಮಧ್ಯರೇಖೆಗೂ ತಾಳೆ ಆಗುವುದಿಲ್ಲ. ಬಾಡಿ ಏನು ಹೇಳುತ್ತದೆ ಅನ್ನುವುದು ಬೇಡ. ದಾರ ಏನು ಹೇಳುತ್ತದೆ ನೋಡಿ.

ಮುಂದಿನದು ದೂರ. ಸಣ್ಣ ಇ ತಂತಿಯ (ಎಲ್ಲಕ್ಕಿಂತ ತೆಳುವಾದ ಮೊದಲ ತಂತಿ) ಸ್ಯಾಡಲ್ ಅನ್ನು ನೆಕ್‌ನ ಕಡೆಗೆ ಹೆಚ್ಚುಕಡಿಮೆ ಪೂರ್ತಿ ತನ್ನಿ. ಒಂದೆರಡು ಮಿ.ಮೀ. ಮಾತ್ರ ಉಳಿಸಿ. ಆಗ ನಟ್‌ನಿಂದ ಸ್ಯಾಡಲ್‌ನ ತುದಿಗೆ 648 ಮಿ.ಮೀ. ಬರುವ ಹಾಗೆ ಬ್ರಿಡ್ಜ್ ಸರಿಸಿ. ತಂತಿ ಒತ್ತಿದಾಗ ಅದು ಎಳೆದುಕೊಂಡು ಶ್ರುತಿ ತುಸು ಏರುತ್ತದೆ. ಅದನ್ನು ಸರಿದೂಗಿಸಲು ಎಲ್ಲ ಸ್ಯಾಡಲ್‌ಗಳೂ ಕೊನೆಗೆ ಹಿಂದಕ್ಕೇ ಹೋಗುತ್ತವೆ, ದಪ್ಪ ತಂತಿಯವು ಜಾಸ್ತಿ. ಸ್ಯಾಡಲ್ ಅನ್ನು ನಡುವಿನಲ್ಲಿಟ್ಟು 648 ಅಳೆದವರಿಗೆ ಕೊನೆಗೆ ದಪ್ಪ ಇ ತಂತಿಗೆ ಹಿಂದೆ ಜಾಗ ಸಾಲುವುದಿಲ್ಲ.

ಬಾಡಿಯಲ್ಲಿ ತಂತಿ ಹಾಯುವ ತೂತುಗಳು ಮೊದಲೇ ಇದ್ದರೆ ಬ್ರಿಡ್ಜ್‌ನ ಜಾಗ ಆಗಲೇ ತೀರ್ಮಾನವಾಗಿದೆ. ಆಗ ದಾರದ ಸಾಲು ತಪ್ಪಿದರೆ ನೆಕ್ ಅನ್ನು ಗುಂಡಿಯೊಳಗೆ ಕೂದಲೆಳೆ ಓರೆ ಮಾಡಿಯೇ ಸರಿಪಡಿಸಬೇಕು.

ಸಾಲು ಸರಿ, ದೂರ ಸರಿ. ಒಂದು ಕಪ್ ಕಾಫಿ ಕುಡಿದು ಬಂದು ಮತ್ತೊಮ್ಮೆ ಅಳೆಯಿರಿ. ಆಮೇಲೆ ಪೆನ್ಸಿಲ್ ಗುರುತು.

## ಹಂತ 5: ತೂತು ಕೊರೆಯುವುದು

ನೆಕ್ ಮೊದಲು. ಬಾಡಿಯ ತೂತಿನೊಳಗಿಂದ 4.8ರ ಬಿಟ್ ಇಳಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ. ನೆಕ್ ಮೇಲೆ ಚುಕ್ಕಿ ಬಿದ್ದರೆ ಸಾಕು. ನೆಕ್ ತೆಗೆದು ಆ ಚುಕ್ಕಿಗಳಲ್ಲಿ 3.2 ಮಿ.ಮೀ. ಬಿಟ್‌ನಿಂದ ಕೊರೆಯಿರಿ.

ಆಳಕ್ಕೆ ಲೆಕ್ಕ ಇದೆ. ತಿರುಪು 45 ಮಿ.ಮೀ. ಹಿಂಬದಿಯ ಪ್ಲೇಟ್ ಮತ್ತು ಬಾಡಿ ಸೇರಿ ಸುಮಾರು 30 ನುಂಗುತ್ತವೆ. ನೆಕ್‌ಗೆ ಹೋಗುವುದು 15. ಹಾಗಾಗಿ 17 ಮಿ.ಮೀ. ಕೊರೆದರೆ ಸಾಕು. ಬಿಟ್‌ಗೆ 17ರ ಗುರುತಿನಲ್ಲಿ ಟೇಪ್ ಸುತ್ತಿ. ಹಿಮ್ಮಡಿಯ ದಪ್ಪವೇ 25. ಟೇಪ್ ಇಲ್ಲದೆ ಕೊರೆದು ಫಿಂಗರ್‌ಬೋರ್ಡ್‌ನ ಮೇಲೆ ಬಿಟ್ ಹೊರಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ನೆಕ್‌ನ ಯಜಮಾನ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ.

ತೂತಿನ ಬಾಯನ್ನು ದಪ್ಪ ಬಿಟ್‌ನಿಂದ ಕೈಯಲ್ಲೇ ತುಸು ಅಗಲಿಸಿ. ಇಲ್ಲದಿದ್ದರೆ ತಿರುಪು ಮರದ ಎಳೆಯನ್ನು ಮೇಲಕ್ಕೆಬ್ಬಿಸುತ್ತದೆ, ನೆಕ್ ಸಪಾಟಾಗಿ ಕೂರುವುದಿಲ್ಲ. ತಿರುಪಿಗೆ ಮೇಣ ಸವರಿ. ಡ್ರಿಲ್ ಯಂತ್ರದಲ್ಲಿ ಬಿಗಿಯಬೇಡಿ, ಕೈಯಲ್ಲೇ ಬಿಗಿಯಿರಿ. ನಾಲ್ಕನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ. ಕಿರ್ರ್ ಅಂದರೆ ನಿಲ್ಲಿಸಿ, ಹೊರತೆಗೆದು, ಮತ್ತೆ ಮೇಣ ಹಚ್ಚಿ.

ನೆಕ್ ಭದ್ರವಾದ ಮೇಲೆ ದಾರದ ಸಾಲನ್ನು ಇನ್ನೊಮ್ಮೆ ನೋಡಿ, ಆಮೇಲೆ ಬ್ರಿಡ್ಜ್‌ನ ತೂತು. ಟ್ಯೂನರ್, ಪಿಕ್‌ಗಾರ್ಡ್, ಬೆಲ್ಟ್ ಗುಂಡಿ, ಜ್ಯಾಕ್ ಎಲ್ಲವನ್ನೂ ಈಗಲೇ ಕೊರೆದು ಮುಗಿಸಿ.

## ಹಂತ 6: ಬಣ್ಣ

ಬಣ್ಣ ಆಗಿರುವ ಬಾಡಿ ಕೊಂಡಿದ್ದರೆ ಈ ಹಂತ ಬಿಡಿ. ಬಣ್ಣವಿಲ್ಲದ ಬರೀ ಮರವಾದರೆ ಎಲ್ಲ ಬಿಚ್ಚಿ ಈಗ ಬಣ್ಣ ಮಾಡಿ. ಮೊದಲ ಸಲಕ್ಕೆ ಸ್ಪ್ರೇ ಬೇಡ, ಟಂಗ್ ಆಯಿಲ್‌ನಂಥ ಎಣ್ಣೆ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಸಿಕ್ಕಿಕೊಂಡು ಮೇಲ್ಮೈ ಬೆಳ್ಳಗೆ ಮಂಜು ಕಟ್ಟುತ್ತದೆ. ನೆಕ್ ಕೂರುವ ಗುಂಡಿಗೆ ಟೇಪ್ ಮುಚ್ಚಿ, ಅಲ್ಲಿ ಬಣ್ಣ ಬೇಡ.

ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ.

## ಹಂತ 7: ವೈರಿಂಗ್

ಕಂಟ್ರೋಲ್ ಪ್ಲೇಟ್ ಅನ್ನು ಬಾಡಿಯ ಹೊರಗಿಟ್ಟುಕೊಂಡೇ ಬೆಸುಗೆ ಹಾಕಿ. ಪಾಟ್‌ನ ಬೆನ್ನಿಗೆ ಗ್ರೌಂಡ್ ವೈರ್ ಹಾಕುವಾಗ ಜನ ತಪ್ಪುತ್ತಾರೆ. ಸಣ್ಣ ಐರನ್ ಹಿಡಿದು ನಿಮಿಷಗಟ್ಟಲೆ ಒತ್ತುತ್ತಾರೆ, ಪಾಟ್ ಒಳಗೆ ಬೆಂದುಹೋಗುತ್ತದೆ. ಮೊದಲು ಬೆನ್ನನ್ನು ಮರಳು ಕಾಗದದಿಂದ ಉಜ್ಜಿ. ಅಗಲ ತುದಿಯ ಐರನ್ ಚೆನ್ನಾಗಿ ಕಾಯಲಿ. ಮೂರು ನಾಲ್ಕು ಸೆಕೆಂಡಿನಲ್ಲಿ ಸೋಲ್ಡರ್ ಹರಿದು ಹೊಳೆಯಬೇಕು. ಗೋಲಿಯ ಹಾಗೆ ಮಂಕಾಗಿ ನಿಂತರೆ ಅದು ಬೆಸುಗೆ ಅಲ್ಲ.

ಟೋನ್ ಕೆಪಾಸಿಟರ್ ಮೇಲೆ 473 ಅಂತಿದ್ದರೆ ಅದು 0.047 ಮೈಕ್ರೋಫ್ಯಾರಡ್, 223 ಅಂದರೆ 0.022. ಈ ಗಿಟಾರ್‌ಗೆ ಎರಡೂ ನಡೆಯುತ್ತವೆ. 473 ಹಾಕಿದರೆ ಟೋನ್ ಇಳಿಸಿದಾಗ ದನಿ ಹೆಚ್ಚು ಮಬ್ಬಾಗುತ್ತದೆ. ಬ್ರಿಡ್ಜ್ ಗ್ರೌಂಡ್ ಆಗಿದೆಯೇ ಎಂದು ಮೀಟರ್‌ನಲ್ಲಿ ನೋಡಿ. ಟೆಲಿಕಾಸ್ಟರ್‌ನಲ್ಲಿ ಬ್ರಿಡ್ಜ್ ಪಿಕಪ್‌ನ ತಳದ ಲೋಹದ ತಟ್ಟೆ ಗ್ರೌಂಡ್‌ಗೆ ಸೇರಿದ್ದು, ಅದರ ತಿರುಪುಗಳ ಮೂಲಕ ಬ್ರಿಡ್ಜ್‌ಗೂ ಗ್ರೌಂಡ್ ಸಿಗುತ್ತದೆ. ತಳದಲ್ಲಿ ತಟ್ಟೆ ಇಲ್ಲದ ಪಿಕಪ್ ಆದರೆ ಬೇರೆ ವೈರ್ ಎಳೆಯಬೇಕು.

ತಂತಿ ಕಟ್ಟುವ ಮೊದಲು ಈ ಪರೀಕ್ಷೆ ಮಾಡಿ, ಒಂದೇ ನಿಮಿಷದ ಕೆಲಸ. ಜ್ಯಾಕ್‌ಗೆ ಕೇಬಲ್ ಚುಚ್ಚಿ, ಕೇಬಲ್‌ನ ಇನ್ನೊಂದು ತುದಿಯ ಮೊನೆ ಮತ್ತು ಬುಡಕ್ಕೆ ಮೀಟರ್ ಹಿಡಿಯಿರಿ. ವಾಲ್ಯೂಮ್ ಪೂರ್ತಿ ಇರಲಿ. 7 ಕಿಲೋ ಓಮ್‌ನ ಪಿಕಪ್ ಆದರೆ ಸುಮಾರು 6.8 ತೋರಿಸಬೇಕು. ಸ್ವಿಚ್ ನಡುವಿಗೆ ಬಂದರೆ ಎರಡೂ ಪಿಕಪ್ ಸಮಾನಾಂತರವಾಗಿ ಸೇರುವುದರಿಂದ ಹೆಚ್ಚುಕಡಿಮೆ ಅದರ ಅರ್ಧ. 250ರ ಹತ್ತಿರ ಬಂದರೆ ಪಿಕಪ್‌ನ ವೈರ್ ಎಲ್ಲೋ ಬಿಟ್ಟಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಗುಂಯ್ ಸದ್ದು ತಡೆಯಲು ಒಳಗೆ ತಾಮ್ರದ ಹಾಳೆ ಅಂಟಿಸಿದ್ದರೆ ಮೊದಲು ಜ್ಯಾಕ್‌ನ ಮೊನೆ ಅದಕ್ಕೆ ತಾಗಿದೆಯಾ ನೋಡಿ, ಬಹುತೇಕ ಅದೇ.

ಆಮೇಲೆ ಆಂಪ್‌ಗೆ ಹಾಕಿ, ಸ್ಕ್ರೂಡ್ರೈವರ್‌ನಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ಸ್ವಿಚ್ ಯಾವ ಕಡೆಗಿದೆಯೋ ಆ ಪಿಕಪ್ ಟಕ್ ಅನ್ನಬೇಕು.

ತಂತಿ ಕಟ್ಟಿದ ಮೇಲೆ ನಡುವಿನ ಸ್ಥಾನದಲ್ಲಿ ಮಾತ್ರ ದನಿ ತೆಳ್ಳಗೆ, ಮೂಗಿನಲ್ಲಿ ಮಾತಾಡಿದಂತೆ ಬಂದರೆ ಒಂದು ಪಿಕಪ್ ಉಲ್ಟಾ ಆಗಿದೆ. ಅದರ ಎರಡು ವೈರ್ ಅದಲುಬದಲು ಮಾಡಿ. ಆದರೆ ಟೆಲಿಕಾಸ್ಟರ್‌ನ ನೆಕ್ ಪಿಕಪ್‌ಗೆ ಲೋಹದ ಮುಚ್ಚಳ ಇರುತ್ತದೆ, ಅದು ಗ್ರೌಂಡ್ ವೈರ್‌ಗೆ ಜೋಡಿರುತ್ತದೆ. ಆ ಜೋಡಣೆ ಬಿಡಿಸಿ ಮುಚ್ಚಳಕ್ಕೆ ಬೇರೆ ಗ್ರೌಂಡ್ ಕೊಡದೆ ಅದಲುಬದಲು ಮಾಡಿದರೆ ಗುಂಯ್ ಸದ್ದು ಗ್ಯಾರಂಟಿ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗ್ರೌಂಡ್ ಸರಿ ಇದೆ. ಮುಟ್ಟಿದಾಗ ಜಾಸ್ತಿಯಾದರೆ ಜ್ಯಾಕ್‌ನ ಎರಡು ವೈರ್ ಉಲ್ಟಾ ಬಿದ್ದಿವೆ.

## ಹಂತ 8: ತಂತಿ ಕಟ್ಟಿ ಹದ ಮಾಡುವುದು

10ರಿಂದ 46ರ ಸೆಟ್ ಹಾಕಿ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ). ಆರೂ ತಂತಿ ಶ್ರುತಿಗೆ ಬಂದಾಗ ನೆಕ್ ಮೇಲೆ ಸುಮಾರು 45 ಕೆ.ಜಿ. ಎಳೆತ ಬೀಳುತ್ತದೆ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮತ್ತೆ ಶ್ರುತಿ ಮಾಡಿ, ಆಮೇಲೆ ಈ ಕ್ರಮದಲ್ಲೇ ಹೋಗಿ. ಇಲ್ಲಿಯೂ ಕ್ರಮ ತಪ್ಪಿದರೆ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತೀರಿ.

ನೆಕ್‌ನ ಬಾಗು. ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. 8ನೇ ಫ್ರೆಟ್ ಮೇಲೆ 0.25 ಮಿ.ಮೀ. ಸಂದು ಇರಬೇಕು. ಅಳೆಯಲು ಬೇರೆ ಉಪಕರಣ ಬೇಡ, ಕತ್ತರಿಸಿ ಉಳಿದ 10ರ ತಂತಿಯ ಚೂರು ಸರಿಯಾಗಿ ಅಷ್ಟೇ ದಪ್ಪ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಅನ್ನು ಬಲಕ್ಕೆ ಕಾಲು ಸುತ್ತು ಬಿಗಿಯಿರಿ, ಕಡಿಮೆ ಇದ್ದರೆ ಸಡಿಲಿಸಿ. ಬಲವಂತ ಮಾಡಬೇಡಿ. ರಾಡ್ ತಿರುಗದೆ ಗಟ್ಟಿ ನಿಂತರೆ ಅಲ್ಲಿಗೇ ಬಿಟ್ಟು, ಗಿಟಾರ್ ರಿಪೇರಿ ಬಲ್ಲವರ ಕೈಗೆ ಕೊಡಿ.

ನಟ್. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಮೊದಲ ಫ್ರೆಟ್ ಮೇಲೆ ನೋಡಿ. ಕೂದಲೆಳೆ ಸಂದು ಇರಬೇಕು. ತುಂಬ ಇದ್ದರೆ ನಟ್‌ನ ಕಚ್ಚನ್ನು ಸಣ್ಣ ಅರದಿಂದ ಇಳಿಸಿ. ಎರಡು ಸಲ ಅರ ಎಳೆಯಿರಿ, ನೋಡಿ, ಮತ್ತೆ ಎರಡು ಸಲ. ಒಮ್ಮೆ ಆಳವಾದರೆ ಹೊಸ ನಟ್ ಹಾಕುವುದೇ ಗತಿ.

ತಂತಿಯ ಎತ್ತರ. 17ನೇ ಫ್ರೆಟ್ ಮೇಲೆ 1.6 ಮಿ.ಮೀ. ಸಾಮಾನ್ಯ. ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರವೇ ಇದ್ದರೆ ನೆಕ್‌ನ ಕೋನ ತಪ್ಪಿದೆ. ಗುಂಡಿಯ ಒಳತುದಿಯಲ್ಲಿ, ಅಂದರೆ ಬ್ರಿಡ್ಜ್ ಕಡೆಯ ಅಂಚಿನಲ್ಲಿ, ತೆಳು ಪಟ್ಟಿ ಇಡಬೇಕು. ವಿಸಿಟಿಂಗ್ ಕಾರ್ಡ್ ಮಡಚಿ ಇಡುವುದು ಹಳೆಯ ಉಪಾಯ. ಇಡೀ ಗುಂಡಿ ತುಂಬುವ ಓರೆ ಮರದ ಪಟ್ಟಿಗಳು ಈಗ ಸಿಗುತ್ತವೆ, ನನಗೆ ಅವೇ ಇಷ್ಟ.

ಒಂದೇ ಜಾಗದಲ್ಲಿ ತಂತಿ ಕರಕರ ಅಂದರೆ ಫ್ರೆಟ್ ಎದ್ದಿದೆ. ಸಣ್ಣ ನೇರ ಪಟ್ಟಿಯೊಂದನ್ನು ಮೂರು ಫ್ರೆಟ್‌ಗಳ ಮೇಲಿಡಿ. ಅದು ತೂಗಾಡಿದರೆ ನಡುವಿನದು ಎತ್ತರ. ದುಬಾರಿ ನೆಕ್ ಅಂದ ಮಾತ್ರಕ್ಕೆ ಫ್ರೆಟ್ ಸಮ ಇರುತ್ತವೆ ಅಂದುಕೊಳ್ಳಬೇಡಿ. ಸಮ ಮಾಡುವ ಕೆಲಸವನ್ನು ಮೊದಲ ಗಿಟಾರ್‌ನಲ್ಲಿ ಕಲಿಯಬೇಡಿ, ದುಡ್ಡು ಕೊಟ್ಟು ಮಾಡಿಸಿ.

ಸ್ಯಾಡಲ್‌ನ ಶ್ರುತಿ. 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ತಾಗಿಸಿಯಷ್ಟೇ ಹೊರಡಿಸುವ ಸ್ವರ) ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್‌ನ ಕಡೆಗೆ. ಪ್ರತಿ ಸಲ ಸರಿಸಿದ ಮೇಲೂ ಮತ್ತೆ ಶ್ರುತಿ ಮಾಡಿಕೊಂಡು ನೋಡಿ.

ಪಿಕಪ್‌ನ ಎತ್ತರ. ಕೊನೆಯ ಫ್ರೆಟ್‌ನಲ್ಲಿ ಒತ್ತಿಕೊಂಡು ತಂತಿಯಿಂದ ಪಿಕಪ್‌ಗೆ ಅಳೆಯಿರಿ. ದಪ್ಪ ತಂತಿಯ ಕಡೆ 2.4, ಸಣ್ಣ ತಂತಿಯ ಕಡೆ 2 ಮಿ.ಮೀ.ನಿಂದ ಶುರು ಮಾಡಿ. ಜೋರಾಗಿ ಕೇಳಲಿ ಅಂತ ತೀರಾ ಮೇಲೆ ತರಬೇಡಿ. ಮ್ಯಾಗ್ನೆಟ್ ತಂತಿಯನ್ನು ಎಳೆದು ಮೇಲಿನ ಫ್ರೆಟ್‌ಗಳಲ್ಲಿ ಸ್ವರ ನಡುಗುತ್ತದೆ. ಇದನ್ನು ಸ್ಯಾಡಲ್ ತಪ್ಪು ಅಂದುಕೊಂಡು ಎರಡು ದಿನ ಸ್ಯಾಡಲ್ ತಿರುಗಿಸಿದ ಪುಣ್ಯಾತ್ಮ ನಾನೇ.

ಕಟ್ಟಿದ ಎರಡು ವಾರಕ್ಕೆ ನೆಕ್ ಎಳೆತಕ್ಕೆ ಒಗ್ಗಿಕೊಂಡು ಬಾಗು ತುಸು ಬದಲಾಗಿರುತ್ತದೆ, 10ರ ತಂತಿಯ ಚೂರು ಹಿಡಿದು ಮತ್ತೊಮ್ಮೆ ನೋಡಿ. ಮಳೆಗಾಲ ಶುರುವಾದಾಗ ಇನ್ನೊಮ್ಮೆ. ಆ ಚೂರನ್ನು ಗಿಟಾರ್ ಚೀಲದಲ್ಲೇ ಇಟ್ಟಿರಿ.